ಕಾಲರಾ ವಿಷದ ಗುಟ್ಟು ತಿಳಿಸಿದ ಡಾ. ಶಂಭುನಾಥ್ ಡೇ

ಆಹಾರದಲ್ಲಿರುವ ಹಾನಿಕಾರಕ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ವೈರಸ್ ಬಳಸುತ್ತಾರೆ ಎಂದರೆ ನಿಮಗೆ ಗಾಬರಿಯಾಗಬಹುದು. ಇವು ಬ್ಯಾಕ್ಟೀರಿಯೊಫೇಜ್‌ಗಳು, ಅಂದರೆ ಬ್ಯಾಕ್ಟೀರಿಯಾಗಳಿಗಷ್ಟೇ ಸೋಂಕು ತಗಲಿಸುವ ವೈರಸ್‌ಗಳು. ನಮ್ಮ ಜೀವಕೋಶಗಳಿಗೆ ಇವು ತಗಲುವುದಿಲ್ಲ. ಹಾಗಿದ್ದರೂ ಆಹಾರಕ್ಕೆ ಬಳಸುವ ಫೇಜ್‌ಗಳನ್ನು ಏಕೆ ಪರೀಕ್ಷಿಸಿ ಆರಿಸಬೇಕು? ಇದನ್ನು ತಿಳಿಯಲು ಕೋಲ್ಕತ್ತದ ಒಬ್ಬ ವೈದ್ಯರನ್ನು ನೆನೆಯಬೇಕು.

ಶಂಭುನಾಥ್ ಡೇ ಹುಟ್ಟಿದ್ದು 1915ರಲ್ಲಿ, ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓದಿ, 1949ರಲ್ಲಿ ಲಂಡನ್ನಿನಿಂದ ಪಿಎಚ್‌.ಡಿ. ಪಡೆದು ಮರಳಿದರು. ಕಾಲರಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ 1884ರಲ್ಲಿ ಇದೇ ನಗರದಲ್ಲಿ ಬೇರ್ಪಡಿಸಿ ತೋರಿಸಿದ್ದರು. ಆದರೆ ಅದು ಕೆಲವೇ ಗಂಟೆಗಳಲ್ಲಿ ದೇಹದ ನೀರನ್ನೆಲ್ಲ ಹೇಗೆ ಬತ್ತಿಸುತ್ತದೆ ಎಂಬುದು ತಿಳಿದಿರಲಿಲ್ಲ.

ಡೇ ಅವರು ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ಕಡೆ ಕಟ್ಟಿ, ಒಳಗೆ ಕಾಲರಾ ಬ್ಯಾಕ್ಟೀರಿಯಾ ಸೇರಿಸಿದರು. ಆ ಭಾಗ ನೀರು ತುಂಬಿ ಉಬ್ಬಿತು. ಮುಂದೆ ಬ್ಯಾಕ್ಟೀರಿಯಾ ಬೆಳೆದಿದ್ದ ದ್ರವವನ್ನು ಸೋಸಿ, ಬ್ಯಾಕ್ಟೀರಿಯಾ ಇಲ್ಲದ ದ್ರವವನ್ನಷ್ಟೇ ಹಾಕಿದರು. ಆಗಲೂ ಉಬ್ಬಿತು! ಭೇದಿಗೆ ಕಾರಣ ಬ್ಯಾಕ್ಟೀರಿಯಾ ಹೊರಬಿಡುವ ವಿಷ ಎಂದು 1959ರಲ್ಲಿ ಪ್ರಕಟಿಸಿದರು. ಮನ್ನಣೆ ತಡವಾಯಿತು. 1978ರಲ್ಲಿ ನೊಬೆಲ್ ವಿಚಾರಗೋಷ್ಠಿಗೆ ಆಹ್ವಾನ ಬಂದಾಗ ಅವರು ನಿವೃತ್ತರಾಗಿದ್ದರು. 1985ರಲ್ಲಿ ತೀರಿಕೊಂಡರು.

ಅವರು ಕಾಣದೇ ಹೋದ ಸಂಗತಿ 1996ರಲ್ಲಿ ಬೆಳಕಿಗೆ ಬಂತು. ಆ ವಿಷದ ಜೀನ್ ಬ್ಯಾಕ್ಟೀರಿಯಾಗೆ ಬಂದದ್ದು ಒಂದು ಫೇಜ್‌ನಿಂದ! ಕೆಲವು ಫೇಜ್‌ಗಳು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ; ಕೆಲವು ಅದರೊಳಗೇ ಉಳಿದು ಹೊಸ ಗುಣ ಕೊಡುತ್ತವೆ. ಆದ್ದರಿಂದಲೇ ಆಹಾರಕ್ಕೆ ಕೊಲ್ಲುವ, ವಿಷದ ಜೀನ್ ಇಲ್ಲದ ಫೇಜ್‌ಗಳನ್ನೇ ಆರಿಸಬೇಕು. ತಿನ್ನಲು ಸಿದ್ಧವಾದ ಮಾಂಸದಲ್ಲಿನ ಲಿಸ್ಟೀರಿಯಾ ವಿರುದ್ಧ ಅಂಥ ಫೇಜ್‌ಗಳಿಗೆ ಅಮೆರಿಕ 2006ರಲ್ಲಿ ಅನುಮತಿ ಕೊಟ್ಟಿತು.

ನೀವು ನೆನಪಿಡಬೇಕಾದದ್ದು: ಒಂದು ಫೇಜ್ ತನ್ನ ಗುರಿಯ ಬ್ಯಾಕ್ಟೀರಿಯಾವನ್ನಷ್ಟೇ ಕೊಲ್ಲುತ್ತದೆ. ಹಾಗಾಗಿ ಕೈ ತೊಳೆಯುವುದು, ಚೆನ್ನಾಗಿ ಬೇಯಿಸುವುದು, ಶುದ್ಧ ನೀರು ಕುಡಿಯುವುದು ತಪ್ಪಬಾರದು. ಕಾಲರಾ ವಿಷ ನೀರನ್ನು ಹೊರಹಾಕಿಸಿದರೂ, ಸಕ್ಕರೆಯೊಂದಿಗೆ ಉಪ್ಪನ್ನು ಹೀರುವ ಶಕ್ತಿ ಕರುಳಿಗೆ ಉಳಿದಿರುತ್ತದೆ. ಓಆರ್‌ಎಸ್ ಜೀವ ಉಳಿಸುವುದು ಹೀಗೆ. ಭೇದಿ ಶುರುವಾದ ಕೂಡಲೇ ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕದಡಿ ಕುಡಿಸಿ. ಅಕ್ಕಿ ತೊಳೆದ ನೀರಿನಂತೆ ಭೇದಿಯಾದರೆ, ಮೂತ್ರ ಕಡಿಮೆಯಾದರೆ, ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯುದ್ದಕ್ಕೂ ಎಚ್ಚರವಿದ್ದು ನುಂಗಬಲ್ಲವರಿಗೆ ಓಆರ್‌ಎಸ್ ಕೊಡುತ್ತಿರಿ.