ಸರದಿಯನ್ನು ಪೂರೈಸಿದ ಯಾಜಕ ಜಕರೀಯ

ಇಸ್ರಯೇಲರ ಆರಾಧನೆಯೆಂದೊಡನೆ ಆರೋನ, ಸಾದೋಕರ ಹೆಸರುಗಳು ನಮ್ಮ ನೆನಪಿಗೆ ಬರುತ್ತವೆ. ಆದರೆ ಜೆರುಸಲೇಮಿನ ದೇವಾಲಯದ ನಿತ್ಯಸೇವೆಯನ್ನು ನಡೆಸಿಕೊಂಡು ಬಂದವರು 24 ವರ್ಗಗಳ ಸಾಮಾನ್ಯ ಯಾಜಕರು. ಪ್ರತಿ ವರ್ಗಕ್ಕೂ ವರ್ಷದಲ್ಲಿ ಎರಡು ಬಾರಿ ಒಂದೊಂದು ವಾರದ ಸರದಿ. ಸ್ನಾನಿಕ ಯೊವಾನ್ನರ ತಂದೆ ಜಕರೀಯ ಎಂಟನೆಯದಾದ ಅಬೀಯನ ವರ್ಗಕ್ಕೆ ಸೇರಿದವರು.

ಅವರಿಗೂ ಪತ್ನಿ ಎಲಿಜಬೇತರಿಗೂ ಮಕ್ಕಳಿರಲಿಲ್ಲ. ಪ್ರಾರ್ಥನೆ ಫಲಿಸುವ ಮೊದಲೇ ಮುಪ್ಪು ಬಂದಿತು. ಆದರೂ ಅವರು ಸೇವೆಯನ್ನು ತೊರೆಯಲಿಲ್ಲ. ಒಂದು ದಿನ ಧೂಪಾರತಿಯ ಚೀಟಿ ಅವರ ಪಾಲಿಗೆ ಬಂದಿತು. ಗರ್ಭಗುಡಿಯ ಮುಂದೆ ಗಬ್ರಿಯೇಲ ದೂತನು ಪುತ್ರಜನನದ ವಾರ್ತೆಯನ್ನು ತಿಳಿಸಿದಾಗ ನಂಬಲಾರದೆ ಮೂಕರಾದರು. ಹೊರಗೆ ಕಾದಿದ್ದ ಜನರಿಗೆ ಒಂದು ಮಾತನ್ನೂ ಹೇಳಲಾರದ ಆ ಸ್ಥಿತಿಯಲ್ಲಿಯೂ ಸೇವೆಯ ದಿನಗಳನ್ನು ಪೂರೈಸಿಯೇ ಮನೆಗೆ ಮರಳಿದರು. ಮಗುವಿಗೆ ಯೊವಾನ್ನನೆಂಬ ಹೆಸರನ್ನು ಹಲಗೆಯ ಮೇಲೆ ಬರೆದ ಬಳಿಕವೇ ನಾಲಿಗೆ ಸಡಿಲವಾಯಿತು.

ಪಾಳಿಯ ದುಡಿಮೆಯನ್ನು ಬಲ್ಲ ಕೋಲಾರ ಚಿನ್ನದ ಗಣಿಯ ಜನರಾದ ನಮಗೆ ಜಕರೀಯರು ಅಪರಿಚಿತರಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು ನಮ್ಮಲ್ಲಿ ಅನೇಕರು. ವಾರವೆಲ್ಲ ದಣಿದರೂ ಭಾನುವಾರ ಬಲಿಪೀಠದ ಮೇಣದಬತ್ತಿ ಬೆಳಗುವ ಕೈಗಳು ಅವರಲ್ಲಿವೆ. ಸೆಪ್ಟೆಂಬರ್ 23ರಂದು ಈ ಸಂತ ದಂಪತಿಗಳನ್ನು ಸ್ಮರಿಸುವಾಗ, ಫಲ ಕಾಣದಿದ್ದರೂ ಸರದಿ ತಪ್ಪದ ಆ ನಿಷ್ಠೆಯನ್ನು ನಾವೂ ಬೇಡಿಕೊಳ್ಳೋಣ.