ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಪಾಠಶಾಲೆ

ಒಂದು ಕಾಲಕ್ಕೆ ಮೈಸೂರಿನ ಹೊರಗಿನ ಹಳ್ಳಿಯಾಗಿದ್ದ ಹೂಟಗಳ್ಳಿಯು ಇಂದು ಕಾರ್ಖಾನೆಗಳಿಂದಲೂ ಗೃಹಮಂಡಳಿಯ ಬಡಾವಣೆಗಳಿಂದಲೂ ಕೂಡಿ ನಗರದ ಅಂಗವೇ ಆಗಿ ಬೆಳೆದಿದೆ. ಇಂತಹ ಊರಿನ ಒಂದು ಸಾಮಾನ್ಯ ಸಂಸಾರದಲ್ಲಿ ಕಣ್ಣು ಕಾಣದ ಮಗುವೊಂದು ಆರು ವರ್ಷ ತುಂಬಿ ಶಾಲೆಗೆ ಹೋಗುವ ವಯಸ್ಸಿಗೆ ಬಂದಿತೆಂದು ಭಾವಿಸೋಣ. ತಂದೆತಾಯಿಗಳ ಮುಂದೆ ಮೊದಲು ನಿಲ್ಲುವ ಪ್ರಶ್ನೆ, ಈ ಮಗುವಿಗೆ ಕಲಿಸಬಲ್ಲವರು ಬೀದಿಯ ಕೊನೆಯ ಸರ್ಕಾರಿ ಶಾಲೆಯಲ್ಲಿ ಇದ್ದಾರೆಯೆ ಎಂಬುದು. ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಉತ್ತರ ಕರ್ಣಾಟಕದ ಒಬ್ಬ ಮಹನೀಯರ ಜೀವನವನ್ನು ತಿಳಿಯುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಅವರೇ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು. ಅವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಅವರನ್ನು ಗಾಯಕರೆಂದು ಕೊಂಡಾಡುವಷ್ಟು ಉಪಾಧ್ಯಾಯರೆಂದು ನಾವು ನೆನೆಯುವುದಿಲ್ಲ.

ಗವಾಯಿಗಳು ೧೮೯೨ನೆಯ ಇಸವಿಯ ಫೆಬ್ರವರಿ ೨ರಂದು, ಅಂದಿನ ಧಾರವಾಡ ಜಿಲ್ಲೆಯ ಹಾನಗಲ್ಲ ತಾಲ್ಲೂಕಿಗೆ ಸೇರಿದ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಮಗುವಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಅಣ್ಣನಾದ ಗುರುಬಸಯ್ಯನಿಗೂ ಇದ್ದಿಲ್ಲ. ಒಂದೇ ಬಡ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು. ಆ ಕಾಲದ ಹಳ್ಳಿಯಲ್ಲಿ ಇಂತಹ ಮಕ್ಕಳಿಗೆ ಕಾದಿರುತ್ತಿದ್ದ ಬಾಳು ಯಾವುದೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಹಾಡಿ ಬೇಡುವುದು, ಇಲ್ಲವೆ ಮನೆಯ ಮೂಲೆಯಲ್ಲಿ ಕುಳಿತು ಅನ್ನಕ್ಕೆ ಭಾರವೆನಿಸಿಕೊಳ್ಳುವುದು, ಇವೆರಡೇ ದಾರಿಗಳು.

ಆ ದಾರಿಯನ್ನು ತಪ್ಪಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. ೧೯೦೯ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಈ ಪೂಜ್ಯರು ಸೋದರರ ಕಂಠದ ಮಾಧುರ್ಯವನ್ನು ಕೇಳಿ ಮೆಚ್ಚಿದರು. ಕೇಳಿದವರು ಅನೇಕರಿದ್ದಿರಬಹುದು; ಮೆಚ್ಚಿದವರು ಕೈಗೆ ಕಾಸನ್ನಿಟ್ಟು ಮುಂದೆ ಹೋಗಿದ್ದಿರಬಹುದು. ಸ್ವಾಮಿಗಳು ಹಾಗೆ ಮಾಡದೆ ಹುಡುಗರಿಗೆ ವಿದ್ಯೆಯನ್ನು ಕೊಡಿಸಲು ನಿಶ್ಚಯಿಸಿದರು. ಅಣ್ಣನು ಅಲ್ಪ ವಯಸ್ಸಿನಲ್ಲಿಯೇ ತೀರಿಕೊಂಡನು. ಉಳಿದ ತಮ್ಮನು ಗುರುಗಳ ಆಶ್ರಯದಲ್ಲಿ ದೂರದ ಮೈಸೂರಿಗೆ ಬಂದು ಕರ್ಣಾಟಕ ಸಂಗೀತವನ್ನು ಅಭ್ಯಾಸ ಮಾಡಿದನು; ಬಳಿಕ ನೀಲಕಂಠ ಬುವಾ, ಅಬ್ದುಲ್ ವಹೀದ್ ಖಾನ್ ಮೊದಲಾದ ಉಸ್ತಾದರಿಂದ ಹಿಂದೂಸ್ಥಾನೀ ಸಂಗೀತವನ್ನು ಸಂಪಾದಿಸಿದನು. ಎರಡು ಪದ್ಧತಿಗಳಲ್ಲಿಯೂ ಸಮಾನವಾದ ಅಧಿಕಾರವುಳ್ಳವರು ಕಣ್ಣುಳ್ಳ ವಿದ್ವಾಂಸರಲ್ಲಿಯೂ ಅಪರೂಪ. ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನು ಹೀಗೆ ಉಭಯಗಾನ ವಿಶಾರದ ಪಂಚಾಕ್ಷರಿ ಗವಾಯಿಗಳಾದನು. ಬರಿಯ ಪ್ರತಿಭೆಯಿಂದ ಇದು ನಡೆಯಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಗುರುಗಳು, ಪ್ರಯಾಣ, ಊಟ, ವಸತಿ, ಹಲವು ವರ್ಷಗಳ ಬಿಡುವು, ಇಷ್ಟನ್ನೂ ಒದಗಿಸುವವರೊಬ್ಬರು ಇದ್ದುದರಿಂದಲೇ ಪ್ರತಿಭೆಯು ಫಲಿಸಿತು.

ವಿದ್ಯೆಯನ್ನು ಪಡೆದ ಬಳಿಕ ಗವಾಯಿಗಳು ಆಸ್ಥಾನಗಳನ್ನೋ ಧನಿಕರ ಮನೆಗಳನ್ನೋ ಆಶ್ರಯಿಸಿ ಸುಖವಾಗಿ ಇರಬಹುದಾಗಿತ್ತು. ಅವರು ಆರಿಸಿಕೊಂಡುದು ಉಪಾಧ್ಯಾಯ ವೃತ್ತಿಯನ್ನು. ಅದರಲ್ಲಿಯೂ ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಕಲಿಸುವುದನ್ನು. ಸ್ವಂತ ಕಟ್ಟಡವಿಲ್ಲದ ಆ ಪಾಠಶಾಲೆಯು ಊರಿಂದೂರಿಗೆ ನಡೆಯುತ್ತಿತ್ತು. ಗುರುಗಳು ಎಲ್ಲಿ ಬೀಡು ಬಿಟ್ಟರೆ ಅದೇ ಶಾಲೆ. ಭಕ್ತರು ಕೊಟ್ಟುದೇ ಅನ್ನ. ಮಗುವು ಯಾವ ಜಾತಿಯದೆಂಬ ವಿಚಾರಣೆ ಅಲ್ಲಿ ಇರಲಿಲ್ಲ. ಕಣ್ಣುಳ್ಳ ಬಾಲಕರೂ ಕಣ್ಣಿಲ್ಲದ ಬಾಲಕರೂ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಪಾಠವನ್ನು ಕಲಿತರು. ಕಲಿಸುವವರು ಸ್ವತಃ ಅಂಧರಾಗಿದ್ದುದರಿಂದ, ಕಾಣದ ಶಿಷ್ಯನು ಎಲ್ಲಿ ತೊಡಕುವನೆಂಬುದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇದಕ್ಕಿಂತಲೂ ದೊಡ್ಡದಾದ ಇನ್ನೊಂದು ಲಾಭವಿತ್ತು. ತಾನೂ ಹೀಗಾಗಬಹುದೆಂಬ ಆಶೆಯನ್ನು ಹುಟ್ಟಿಸಲು ಮಗುವಿಗೆ ಬೇರೆ ಉಪದೇಶ ಬೇಕಾಗಿರಲಿಲ್ಲ. ಗುರುವೇ ಎದುರಿನಲ್ಲಿ ಕುಳಿತಿದ್ದನು.

೧೯೩೦ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ದೊಡ್ಡ ಆಸರೆಯೊಂದು ಕಳಚಿತು. ಮಕ್ಕಳ ಸಂಖ್ಯೆ ಕಡಮೆಯಾಗಲಿಲ್ಲ; ಬರಗಾಲದ ದಿನಗಳಲ್ಲಿ ಅವರಿಗೆ ಎರಡು ಹೊತ್ತಿನ ಊಟವನ್ನು ಹೊಂದಿಸುವುದೇ ಗುರುಗಳಿಗೆ ಚಿಂತೆಯಾಯಿತು. ಶಾಲೆಯ ಹೊಟ್ಟೆಗಾಗಿ ಅವರು ನಾಟಕ ಮಂಡಳಿಯನ್ನೂ ಕಟ್ಟಿ ನಡೆಸಿದರು. ಕಡೆಗೆ ಗದುಗಿನ ಬಸರಿಗಿಡದ ವೀರಪ್ಪನವರೆಂಬ ಉದಾರಿಗಳು ನೆಲೆಯನ್ನು ಕೊಡಲಾಗಿ, ಅಲೆದಾಡುತ್ತಿದ್ದ ಪಾಠಶಾಲೆಯು ೧೯೪೨ರಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ಆ ಊರಿನಲ್ಲಿ ನಿಂತಿತು. ಆ ನೆಲೆಯ ಸುಖವನ್ನು ಗವಾಯಿಗಳು ಬಹುಕಾಲ ಅನುಭವಿಸಲಿಲ್ಲ. ೧೯೪೪ರ ಜೂನ್ ೧೧ರಂದು, ೫೨ನೆಯ ವಯಸ್ಸಿನಲ್ಲಿ, ಅವರು ದೇಹವನ್ನು ಬಿಟ್ಟರು.

ಉಪಾಧ್ಯಾಯನ ಯೋಗ್ಯತೆಯನ್ನು ಶಿಷ್ಯರಿಂದ ಅಳೆಯಬೇಕು. ಹಿಂದೂಸ್ಥಾನೀ ಗಾಯನದಲ್ಲಿ ಅಖಿಲ ಭಾರತ ಖ್ಯಾತಿಯನ್ನು ಪಡೆದ ಬಸವರಾಜ ರಾಜಗುರುಗಳು ಇವರಲ್ಲಿ ಕಲಿತವರು. ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಇವರ ಮಡಿಲಿನಲ್ಲಿಯೇ ಬೆಳೆದರು. ಗಾಯನ, ಹಲವು ವಾದ್ಯಗಳು, ಕನ್ನಡ, ಸಂಸ್ಕೃತ, ಹಿಂದೀ ಭಾಷೆಗಳು, ನಾಟಕ ರಚನೆ, ಇವೆಲ್ಲದರಲ್ಲಿಯೂ ಪರಿಣತರಾಗಿ, ೧೯೪೪ರಿಂದ ೨೦೧೦ರಲ್ಲಿ ತಾವು ಕಾಲವಾಗುವವರೆಗೆ, ೬೬ ವರ್ಷ ಆಶ್ರಮವನ್ನು ನಡೆಸಿದರು. ಒಬ್ಬ ಅಂಧ ಬಾಲಕನಿಗೆ ಕೊಡಿಸಿದ ವಿದ್ಯೆಯು ಇನ್ನೊಬ್ಬ ಅಂಧ ಗುರುವನ್ನು ಪಡೆಯಿತು. ಅವರಿಂದ ಅಸಂಖ್ಯ ಮಕ್ಕಳು ಸ್ವಂತ ಕಾಲಿನ ಮೇಲೆ ನಿಂತರು.

ಈ ಚರಿತ್ರೆಯನ್ನು ಓದಿ ಭಕ್ತಿಯಿಂದ ಕೈಮುಗಿದು ಸುಮ್ಮನಾಗುವುದು ಸುಲಭ. ನಾವು ಅಷ್ಟಕ್ಕೆ ತೃಪ್ತರಾಗಲಾರೆವು. ಸಾರ್ವಜನಿಕರ ಬೊಕ್ಕಸವು ಮಾಡಬೇಕಾಗಿದ್ದ ಕೆಲಸವನ್ನು ಒಬ್ಬ ಕಣ್ಣಿಲ್ಲದ ಗುರುವು ಜೋಳಿಗೆಯನ್ನು ಹಿಡಿದು ಮಾಡಬೇಕಾಯಿತೆಂಬುದು ಅವರಿಗೆ ಕೀರ್ತಿ, ಸಮಾಜಕ್ಕೆ ಅಲ್ಲ. ಪುಣ್ಯಪುರುಷರು ಹುಟ್ಟುವವರೆಗೆ ಕಾಯಿರೆಂದು ಹೂಟಗಳ್ಳಿಯ ತಾಯಿಗೆ ಹೇಳುವುದು ನ್ಯಾಯವೆ?

ಇಂದು ಕಾಲ ಬದಲಾಗಿದೆ. ಭಾರತೀಯ ಭಾಷೆಗಳಿಗೆ ಹೊಂದುವ ಭಾರತಿ ಬ್ರೈಲ್ ಲಿಪಿಯು ೧೯೫೧ರಲ್ಲಿ ಬಂದಿತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿ, ಶೇಕಡಾ ೪೦ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ ೬ರಿಂದ ೧೮ ವರ್ಷದವರೆಗೆ ಉಚಿತ ವಿದ್ಯಾಭ್ಯಾಸದ ಹಕ್ಕನ್ನು ಕೊಟ್ಟಿದೆ. ನೆರೆಯ ಶಾಲೆಯನ್ನಾಗಲಿ ವಿಶೇಷ ಶಾಲೆಯನ್ನಾಗಲಿ ಆರಿಸುವ ಸ್ವಾತಂತ್ರ್ಯವೂ ಆ ಮಗುವಿನದು. ಬ್ರೈಲ್ ಮತ್ತು ಸಂಜ್ಞಾಭಾಷೆಗಳನ್ನು ಬಲ್ಲ ಉಪಾಧ್ಯಾಯರನ್ನು, ಅಂಗವಿಕಲರಾದ ಉಪಾಧ್ಯಾಯರನ್ನೂ ಒಳಗೊಂಡು, ನೇಮಿಸಬೇಕೆಂದು ಅದೇ ಕಾಯಿದೆ ವಿಧಿಸುತ್ತದೆ. ಸರ್ಕಾರದ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇಕಡಾ ೪ಕ್ಕೆ ಕಡಮೆಯಿಲ್ಲದಂತೆ ಮೀಸಲಾತಿಯುಂಟು. ಪಂಚಾಕ್ಷರಿ ಗವಾಯಿಗಳು ದಾನವಾಗಿ ಬೇಡಿದುದು ಈಗ ಕಾನೂನಿನ ಮಾತಾಗಿದೆ.

ಆದರೆ ನೇಮಕದ ಆಜ್ಞೆಯೊಂದರಿಂದಲೇ ಉಪಾಧ್ಯಾಯನು ಕೆಲಸ ಮಾಡಲಾರನು. ಅಂಧ ಉಪಾಧ್ಯಾಯರಿಗೆ ಪಠ್ಯಪುಸ್ತಕವು ಬ್ರೈಲಿನಲ್ಲಿಯೋ ಧ್ವನಿರೂಪದಲ್ಲಿಯೋ ಶಾಲೆ ತೆರೆಯುವ ದಿನವೇ ಕೈಗೆ ಬರಬೇಕು. ಹಾಜರಿ, ಅಂಕಪಟ್ಟಿಗಳನ್ನು ಓದಿ ಹೇಳುವ ಗಣಕಯಂತ್ರ ಬೇಕು. ಗಾಲಿಕುರ್ಚಿಯಲ್ಲಿ ಬರುವವರಿಗೆ ತರಗತಿಯು ನೆಲ ಅಂತಸ್ತಿನಲ್ಲಿರಬೇಕು. ಕಣ್ಣುಳ್ಳ ಉಪಾಧ್ಯಾಯರು ಹಲಗೆಯ ಮೇಲೆ ಬರೆದುದನ್ನು ಬಾಯಿಬಿಟ್ಟು ಓದುವ ಅಭ್ಯಾಸವನ್ನು ಮಾಡಿಕೊಂಡರೆ ಕಾಣದ ಮಗುವಿಗೆ ಅರ್ಧ ಪಾಠ ದೊರೆತಂತೆಯೇ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಮೈಸೂರಿಗಂತೂ ಇಂತಹ ತಿಳಿವಳಿಕೆಯ ಕೊರತೆಯಿಲ್ಲ. ತಿಲಕನಗರದಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಸರ್ಕಾರಿ ಪಾಠಶಾಲೆಯಿದೆ. ೧೯೬೦ರ ದಶಕದಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿಯ ವಿದ್ಯೆಯು ಹೊರಬಡಾವಣೆಗಳ ಸಾಮಾನ್ಯ ಶಾಲೆಗಳವರೆಗೆ ನಡೆದು ಬರಬೇಕು.

ಕುಮಾರಸ್ವಾಮಿಗಳು ಮಾಡಿದುದನ್ನು ವಿದ್ಯಾ ಇಲಾಖೆಯು ಮಾಡಲಿ. ಗವಾಯಿಗಳಂತಹವರು ತರಗತಿಯಲ್ಲಿ ಕುಳಿತು ಕಲಿಸಲಿ. ಗದಿಗೆಯ್ಯನಂತಹ ಬಾಲಕನು ಅಂದು ವಿದ್ಯೆಗಾಗಿ ಹಾನಗಲ್ಲ ಸೀಮೆಯಿಂದ ಮೈಸೂರಿನವರೆಗೆ ಬರಬೇಕಾಯಿತು. ಇಂದು ಹೂಟಗಳ್ಳಿಯ ಮಗುವು ತನ್ನ ಬೀದಿಯ ಕೊನೆಯವರೆಗೆ ನಡೆದರೆ ಸಾಕಾಗಬೇಕು. ಅಷ್ಟಾದ ದಿನ ಗವಾಯಿಗಳ ಋಣದಲ್ಲಿ ಒಂದು ಪಾಲನ್ನಾದರೂ ನಾವು ತೀರಿಸಿದಂತಾಗುವುದು.