ಬೋಳುಗುಡ್ಡೆಯಲ್ಲಿ ಊರು ಕಂಡ ಡಾಕ್ಟರು

ಇಂದಿನ ಮಕ್ಕಳಿಗೆ ಮಣಿಪಾಲವೆಂದರೆ ಆಸ್ಪತ್ರೆ, ಕಾಲೇಜು, ಬಹುಮಹಡಿ ಕಟ್ಟಡ. ನಮ್ಮ ಅಜ್ಜಂದಿರಿಗೆ ಅದು ಉಡುಪಿಯ ಮೂಡು ದಿಕ್ಕಿನ ಮುರಕಲ್ಲಿನ ಗುಡ್ಡೆ. ಮಣ್ಣಪಳ್ಳ ಎಂಬ ಕೆರೆಯಿಂದ ಬಂದ ಹೆಸರು ಬಿಟ್ಟರೆ ಅದಕ್ಕೆ ಬೇರೆ ಗುರುತಿರಲಿಲ್ಲ. ದನ ಮೇಯಿಸಲು, ಸೊಪ್ಪು ಸೌದೆ ತರಲು ಜನ ಹತ್ತುತ್ತಿದ್ದರು, ಕತ್ತಲಾಗುವ ಮೊದಲು ಇಳಿಯುತ್ತಿದ್ದರು. ಗದ್ದೆ, ತೋಟವಿದ್ದರೆ ಅದು ಭೂಮಿ; ಬೋಳುಗುಡ್ಡೆ ಲೆಕ್ಕಕ್ಕಿರಲಿಲ್ಲ.

ಆ ಗುಡ್ಡೆಯನ್ನು ಬೇರೆ ಕಣ್ಣಿನಿಂದ ನೋಡಿದವರು ಡಾ. ಟಿ.ಎಂ.ಎ. ಪೈ. ತೋನ್ಸೆ ಮಾಧವ ಅನಂತ ಪೈಗಳು 1898ರ ಏಪ್ರಿಲ್ 30ರಂದು ಕಲ್ಯಾಣಪುರದಲ್ಲಿ ಹುಟ್ಟಿದರು. ಮದರಾಸಿನಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದರು. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಉಡುಪಿಯಲ್ಲಿ ಬ್ಯಾಂಕು ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ 2 ಆಣೆ ಉಳಿಸಿದರೂ ಸಾಕಿತ್ತು. ಯಾರೂ ಎಣಿಸದ ಚಿಲ್ಲರೆಯಲ್ಲಿ ಬಂಡವಾಳ ಕಂಡವರಿಗೆ, ಯಾರಿಗೂ ಬೇಡದ ಗುಡ್ಡೆಯಲ್ಲಿ ಊರು ಕಂಡದ್ದು ಆಶ್ಚರ್ಯವಲ್ಲ.

1942ರಲ್ಲಿ ಅವರು ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದರು. 1949ರಲ್ಲಿ ಉಡುಪಿಗೆ ಮಹಾತ್ಮ ಗಾಂಧಿ ಮೆಮೋರಿಯಲ್ ಕಾಲೇಜು, 1960ರಲ್ಲಿ ಕಾರ್ಕಳಕ್ಕೆ ಭುವನೇಂದ್ರ ಕಾಲೇಜು ಬಂದವು. ಗುಡ್ಡೆಯ ಮೇಲೆ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದವು. ಪದವಿಗೆ ದೂರದ ಪಟ್ಟಣಕ್ಕೆ ಹೋಗಬೇಕಿದ್ದ ನಮ್ಮ ಹಳ್ಳಿಗಳ ಎಷ್ಟೋ ಮಕ್ಕಳಿಗೆ ಕಾಲೇಜು ಬಸ್ಸಿನ ದಾರಿಯಷ್ಟೇ ಹತ್ತಿರವಾಯಿತು. 1972ರಲ್ಲಿ ಪದ್ಮಶ್ರೀ ಪಡೆದ ಪೈಗಳು 1979ರ ಮೇ 29ರಂದು ತೀರಿಕೊಂಡರು.

ಅವರ ನಂತರ ಗುಡ್ಡೆಗಳ ಬಗ್ಗೆ ನಮ್ಮೆಲ್ಲರ ನೋಟ ಬದಲಾಯಿತು. ಲೆಕ್ಕಕ್ಕಿಲ್ಲದ ಜಾಗಕ್ಕೆ ಸೆಂಟ್ಸಿನ ಲೆಕ್ಕದಲ್ಲಿ ಬೆಲೆ ಬಂತು. ನನ್ನ ಬಿಇ ಓದಿಗೆಂದು ಅಪ್ಪ ಮನೆಯ ಹಿಂದಿನ ಗುಡ್ಡೆಯ ಒಂದು ತುಂಡನ್ನು ಮಾರಿದರು. ಅಲ್ಲಿ ಕಲ್ಲಿನ ಕೋರೆ ಎದ್ದಿತು. ಈಗ ನಾನು ರಜೆಯಲ್ಲಿ ಊರಿಗೆ ಬಂದಾಗ, ಹಿಂದೆ ಮೇ ತಿಂಗಳಲ್ಲೂ ಬತ್ತದಿದ್ದ ನಮ್ಮ ಬಾವಿ ಮಾರ್ಚ್‌ನಲ್ಲೇ ತಳ ತೋರಿಸುತ್ತದೆ. ಮುರಕಲ್ಲು ತೂತು ತೂತಾದ ಕಲ್ಲು. ಮಳೆಗಾಲದ ನೀರನ್ನು ಕುಡಿದು, ನಿಧಾನವಾಗಿ ಕೆಳಗಿನ ಗದ್ದೆ ಬಾವಿಗಳಿಗೆ ಬಿಡುತ್ತದೆ. ಸೋಣೆಯ ಹೊಸ್ತಿಲ ಪೂಜೆಗೆ ಅಮ್ಮ ಹೂ ಕೊಯ್ಯುತ್ತಿದ್ದುದೂ ಆ ಬೋಳುಗುಡ್ಡೆಯಿಂದಲೇ. ಅಪ್ಪನನ್ನು ದೂರಲಾರೆ, ಆ ದುಡ್ಡಿನಿಂದಲೇ ನಾನು ಓದಿದ್ದು.

ಇಂದು ಮಣ್ಣಪಳ್ಳದ ಸುತ್ತ ಸಂಜೆ ನೂರಾರು ಜನ ತಿರುಗಾಡುತ್ತಾರೆ. ಎಂಡ್ ಪಾಯಿಂಟಿನಲ್ಲಿ ನಿಂತು ಕೆಳಗೆ ಹರಿಯುವ ಸ್ವರ್ಣೆಯನ್ನು ನೋಡುತ್ತಾರೆ. ಅಜ್ಜಂದಿರು ಕತ್ತಲಿಗೆ ಮುಂಚೆ ಇಳಿದು ಬಂದ ಗುಡ್ಡೆಯನ್ನು ನಾವೀಗ ಚೆಂದಕ್ಕಾಗಿ ಹತ್ತುತ್ತಿದ್ದೇವೆ.

ಪೈಗಳಿಂದ ನಾವು ಕಲಿಯಬೇಕಾದದ್ದು ಗುಡ್ಡೆ ಕಡಿಯುವುದನ್ನಲ್ಲ, ಪ್ರಯೋಜನವಿಲ್ಲ ಎಂದು ಎಲ್ಲರೂ ಬಿಟ್ಟದ್ದನ್ನು ಇನ್ನೊಮ್ಮೆ ನೋಡುವುದನ್ನು. ನಮ್ಮ ಶಾಲೆಯ ಹಿಂದೆಯೂ ಒಂದು ಬೋಳುಗುಡ್ಡೆ ಉಳಿದಿದೆ. ಸುವರ್ಣ ಮಹೋತ್ಸವದ ಈ ವರ್ಷ ಮಕ್ಕಳನ್ನು ಮಳೆಗಾಲದಲ್ಲಿ ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗೋಣ.